ಬೇಜಾರಿನ ನಾಡಿ ಹಿಡಿದು ನೋಡೋಣ

ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ನಮ್ಮ ಕಾಸರಗೋಡಿನ ಮಾಮೂಲು ಮಳೆ, ಹಂಚಿನ ಮೇಲಿನ ಸದ್ದಿಗೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಪಾಠ ನಿಲ್ಲಿಸಿ ಒಂಬತ್ತನೆಯ ತರಗತಿಯವರ ಪ್ರಯೋಗದ ಪುಸ್ತಕ ನೋಡುತ್ತಾ ಕೂತಿದ್ದೆ. ಒಬ್ಬ ಹುಡುಗನ ಪುಸ್ತಕದಲ್ಲಿ ಮೂರು ವಾರದಿಂದ ಒಂದಕ್ಷರ ಬಿದ್ದಿರಲಿಲ್ಲ. ಅಂಥವನಲ್ಲ ಅವನು. ಕರೆದು ಕೇಳಿದೆ.

"ಯಾಕೆ ಬರೆಯಲಿಲ್ಲ?"

"ಬೇಜಾರು ಟೀಚರ್."

"ಬೇಜಾರು ಅಂತ ಹೇಳಿ ಕೂತರೆ ಆಗ್ತದಾ? ನಾಳೆಯೊಳಗೆ ಬರೆದು ತಾ."

ಮರುದಿನ ಬರೆದು ತಂದ. ಅಕ್ಷರ ನೋಡಿದರೆ ರಾತ್ರಿ ಕೂತು ಯಾರದ್ದೋ ಪುಸ್ತಕ ನೋಡಿ ಇಳಿಸಿದ್ದು ಗೊತ್ತಾಗುತ್ತಿತ್ತು. ಸಹಿ ಹಾಕಿ ಕೊಟ್ಟೆ. ವಿಷಯ ತಿಳಿದದ್ದು ಒಂದು ವಾರದ ನಂತರ, ಅದೂ ಬೇರೆ ಮಕ್ಕಳಿಂದ. ಒಂದನೆಯ ತರಗತಿಯಿಂದ ಅವನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಆ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದ. ಬೆಳಗಿನ ಬಸ್ಸೂ ಬೇರೆ, ಸಂಜೆಯ ಆಟವೂ ಇಲ್ಲ. ನಮ್ಮ ಕನ್ನಡ ಡಿವಿಜನ್‌ಗಳಲ್ಲಿ ಪ್ರತಿ ಜೂನ್‌ನಲ್ಲೂ ಒಂದೆರಡು ಬೆಂಚು ಖಾಲಿಯಾಗುವುದು ನಮಗೆ ಟೀಚರುಗಳಿಗೆ ಲೆಕ್ಕದ ವಿಷಯ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ, ಅಷ್ಟೆ. ಆ ಬೆಂಚಿನ ಇನ್ನೊಂದು ಅರ್ಧದಲ್ಲಿ ಕೂತವನಿಗೆ ಅದು ಬೇರೆಯೇ ಲೆಕ್ಕ. ನನಗದು ಹೊಳೆದಿರಲಿಲ್ಲ.

ಆ ಮೇಲೆ ಒಂದು ದಿನ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಹೆಸರು ಬೇಡ, 'ನನಗೆ ಈಚೆಗೆ ಬೇಜಾರು ಆದದ್ದು ಯಾವಾಗ' ಅಂತ ಒಂದು ವಾಕ್ಯ ಬರೆಯಿರಿ ಎಂದೆ. ಮನೆಗೆ ತಂದು ಓದಿದೆ. ಒಬ್ಬರ ಅಜ್ಜಿ ತೀರಿಹೋಗಿದ್ದರು. ಒಬ್ಬರಿಗೆ ಕಬಡ್ಡಿ ತಂಡದಲ್ಲಿ ಹೆಸರು ಇರಲಿಲ್ಲ. ಅಪ್ಪ ಗಲ್ಫ್‌ನಿಂದ ಈ ವರ್ಷವೂ ಬರುವುದಿಲ್ಲ ಅಂತ ಇನ್ನೊಬ್ಬರು. ಒಂದು ಚೀಟಿಯಲ್ಲಿ, ಹಿಂದಿನ ವರ್ಷ ಒಂದು ವಿಷಯಕ್ಕೆ ಕನ್ನಡ ಬಾರದವರು ಪಾಠಕ್ಕೆ ಬಂದಿದ್ದರು, ಏನೂ ತಿಳಿಯುತ್ತಿರಲಿಲ್ಲ, ತಿಳಿಯಲಿಲ್ಲ ಅಂತ ಹೇಳಲಿಕ್ಕೂ ಗೊತ್ತಾಗುತ್ತಿರಲಿಲ್ಲ ಎಂದಿತ್ತು. 'ಸುಮ್ಮನೆ ಬೇಜಾರು, ಕಾರಣ ಇಲ್ಲ' ಅಂತ ನಾಲ್ಕು ಚೀಟಿ.

ದುಃಖ, ಅವಮಾನ, ಒಂಟಿತನ, ಹೆದರಿಕೆ, ಕೋಪ, ಬರೀ ಆಯಾಸ, ಇಷ್ಟಕ್ಕೆಲ್ಲ ನಾವು ಬಳಸುವ ಶಬ್ದ ಒಂದೇ, ಬೇಜಾರು. ಕ್ಲಾಸಿನಲ್ಲಿ ಯಾರಾದರೂ ಆಮ್ಲಕ್ಕೂ ಪ್ರತ್ಯಾಮ್ಲಕ್ಕೂ ಲವಣಕ್ಕೂ ಒಟ್ಟಿಗೆ 'ಪುಡಿ' ಅಂತ ಹೆಸರು ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಮನಸ್ಸಿನ ವಿಷಯದಲ್ಲಿ ಮಾತ್ರ ನಾವೆಲ್ಲ ಹಾಗೇ ಬರೆದುಕೊಂಡು ಬಂದಿದ್ದೇವೆ, ನಾನೂ ಸೇರಿ.

ಹೆಸರು ಸರಿಯಾಗಿ ಇಡುವುದರಿಂದ ಏನು ಪ್ರಯೋಜನ ಅಂತ ನೀವು ಕೇಳಬಹುದು. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿದವರಿಗೆ ಕೋಪದ, ಹೆದರಿಕೆಯ ಮುಖಗಳ ಚಿತ್ರ ತೋರಿಸಿದರು. ಒಮ್ಮೆ ಆ ಭಾವನೆಗೆ ಹೊಂದುವ ಶಬ್ದ ಆರಿಸಬೇಕು, ಇನ್ನೊಮ್ಮೆ ಆ ಮುಖಕ್ಕೆ ಹೊಂದುವ ವ್ಯಕ್ತಿಯ ಹೆಸರು ಆರಿಸಬೇಕು. ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದಷ್ಟೇ ದೊಡ್ಡದಾದ ಅಮಿಗ್ಡಲ ಎಂಬ ಭಾಗವಿದೆ. (ಗ್ರೀಕ್ ಭಾಷೆಯಲ್ಲಿ ಆ ಶಬ್ದದ ಅರ್ಥವೂ ಬಾದಾಮಿ ಅಂತಲೇ.) ಅಪಾಯದ ವಾಸನೆ ಬಂದಾಗ ಮೊದಲು ಎಚ್ಚೆತ್ತುಕೊಳ್ಳುವ ಭಾಗಗಳಲ್ಲಿ ಅದೂ ಒಂದು. ಭಾವನೆಗೆ ಶಬ್ದ ಆರಿಸಿದಾಗ ಅಮಿಗ್ಡಲದ ಚಟುವಟಿಕೆ ಕಡಿಮೆಯಾಯಿತು, ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಬಲಭಾಗದ ಕೆಲಸ ಹೆಚ್ಚಾಯಿತು. ಅಂದರೆ 'ಇದು ಹೆದರಿಕೆ' ಅಂತ ಗುರುತಿಸುವ ಕೆಲಸವೇ ಹೆದರಿಕೆಯ ಗಂಟೆಯ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಸ್ವಲ್ಪ ಅಂದೆ, ಮಾಯ ಮಾಡುತ್ತದೆ ಅನ್ನಲಿಲ್ಲ.

ಇಲ್ಲಿ ಗಡಿನಾಡಿನ ನಮಗೆ ಒಂದು ತೊಡಕಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್‌ಗೆ ಬೇರೆ ಶಾಲೆ ಸೇರಿದಳು. ಪಾಠ ಇಂಗ್ಲಿಷಿನಲ್ಲಿ, ಸುತ್ತ ಮಾತೆಲ್ಲ ಮಲಯಾಳದಲ್ಲಿ. ಅವಳು ಮಂಕಾಗಿರುವುದನ್ನು ನೋಡಿ ಅಲ್ಲಿನ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಕರೆದು ಕೂರಿಸಿ ಕೇಳಿದರಂತೆ, ಯಾರ ಮೇಲಾದರೂ 'ದೇಷ್ಯಂ' ಉಂಟಾ ಅಂತ. ಮಲಯಾಳದ ದೇಷ್ಯ ಅಂದರೆ ಕೋಪ. ಇವಳ ಕಿವಿಗೆ ಅದು ದ್ವೇಷ ಅಂತ ಕೇಳಿದೆ. ಯಾರ ಮೇಲೂ ದ್ವೇಷ ಇಲ್ಲದ ಹುಡುಗಿ ಇಲ್ಲ ಅಂದಳು. 'ವಿಷಮಂ' ಉಂಟಾ ಅಂತ ಮತ್ತೆ ಕೇಳಿದರು. ಅದು ಅವರ ಭಾಷೆಯಲ್ಲಿ ದುಃಖ, ಸಂಕಟ. ಇವಳಿಗೆ ಗೊತ್ತಿದ್ದ ವಿಷಮ ಅಂದರೆ ಪರಿಸ್ಥಿತಿ ಕೈಮೀರುವುದು. ಅಷ್ಟೇನೂ ಆಗಿಲ್ಲವಲ್ಲ ಅಂತ ಅದಕ್ಕೂ ಇಲ್ಲ ಅಂದಳು. ಏನೂ ತೊಂದರೆ ಇಲ್ಲ ಅಂತ ಅವರು ಕಳಿಸಿದರು. ನನ್ನೆದುರು ಇದನ್ನು ಹೇಳುವಾಗ ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು ತುಂಬ ಹೊತ್ತು ಅತ್ತಳು.

ಆದ್ದರಿಂದ ಹೇಳುವುದಿದ್ದರೆ ನಿಮ್ಮ ಮನೆಯ ಭಾಷೆಯಲ್ಲಿ ಹೇಳಿ. ತುಳುವಿನ 'ಮಂಡೆಬೆಚ್ಚ' ಎಷ್ಟು ಚಂದದ ಶಬ್ದ ನೋಡಿ. ತಲೆ ಬಿಸಿಯಾಗಿದೆ ಅಂತ ಮೈಯಲ್ಲೇ ಜಾಗ ತೋರಿಸುತ್ತದೆ. ನಾವು ಕರಾವಳಿಯವರು 'ಉದಾಸೀನ' ಅನ್ನುವುದು ಪುಸ್ತಕದ ಉದಾಸೀನ ಅಲ್ಲ, ಕೈಕಾಲು ಏಳದ ಒಂದು ಸ್ಥಿತಿ. ಮನೆಯಲ್ಲಿ ಇಂಥ ಶಬ್ದ ಬೇಕಾದಷ್ಟಿವೆ, ಶಾಲೆಗೆ ಬರುವಾಗ ಅವನ್ನು ಗೇಟಿನ ಹೊರಗೆ ಬಿಟ್ಟು ಬರುತ್ತೇವೆ.

ದೊಡ್ಡವರು ನಿಮಗೆ ಸಾಮಾನ್ಯವಾಗಿ ಹೇಳುವುದು ಬೇರೆ. 'ಅದನ್ನೆಲ್ಲ ಯೋಚನೆ ಮಾಡಬೇಡ.' ಇದು ಯಾಕೆ ಕೆಲಸ ಮಾಡುವುದಿಲ್ಲ ಅಂತ ಈಗಲೇ ನೋಡಬಹುದು. ಪತ್ರಿಕೆ ಕೆಳಗಿಟ್ಟು ಒಂದು ನಿಮಿಷ ಬಿಳಿ ಕರಡಿಯ ಯೋಚನೆ ಮಾಡದೆ ಕುಳಿತುಕೊಳ್ಳಿ.

ಬಂತಲ್ಲ ಕರಡಿ? ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಕಾಲೇಜು ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ಯೋಚಿಸಬೇಡಿ, ನೆನಪಾದಾಗಲೆಲ್ಲ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಅದಕ್ಕಿಂತ ಸ್ವಾರಸ್ಯ ಮುಂದಿನ ಭಾಗದಲ್ಲಿದೆ. ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಈ ಅದುಮಿಟ್ಟವರ ತಲೆಗೇ ಕರಡಿ ಹೆಚ್ಚು ಸಲ ಬಂತು. ಕಡಿಮೆ ಗ್ರೇಡ್ ಬಂದ ದಿನ ಅದನ್ನು ನೆನೆಯಬಾರದು ಅಂತ ಹಟ ಹಿಡಿದು ಮಲಗಿದರೆ ಕನಸಿನಲ್ಲೂ ಡಿ ಪ್ಲಸ್ ಬರುವುದು ಇದಕ್ಕೇ ಇರಬೇಕು.

ಅದುಮುವ ಬದಲು ಬರೆಯಬಹುದು. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ತಮಗಾದ ಕೆಟ್ಟ ಅನುಭವವನ್ನು, ಅದರ ಬಗ್ಗೆ ಅನಿಸಿದ್ದನ್ನು ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ದಿನ ಬರೆದು 'ಟೀಚರ್ ಹೇಳಿದ್ದು ಸುಳ್ಳು' ಅಂತ ಬಿಟ್ಟುಬಿಡುತ್ತೀರಿ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಹರಿದು ಒಲೆಗೆ ಹಾಕಿದರೂ ಆಗ್ತದೆ.

ಇನ್ನು ಒಂದು ಪ್ರಯೋಗ ಮಾಡೋಣ. ಉಪಕರಣ ಏನೂ ಬೇಡ, ಇಬ್ಬರಿದ್ದರೆ ಸಾಕು. ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಬಲಗೈಯ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹುಡುಕಿ. ಹೆಬ್ಬೆರಳು ಇಡಬೇಡಿ, ಅದಕ್ಕೇ ಒಂದು ನಾಡಿ ಇದೆ, ಲೆಕ್ಕ ತಪ್ಪುತ್ತದೆ. ನಾಡಿ ಸಿಕ್ಕಿದ ಮೇಲೆ ಪ್ರತಿ ಬಡಿತಕ್ಕೆ ಒಮ್ಮೆ ಪಾದದಿಂದ ನೆಲಕ್ಕೆ 'ಟಪ್' ಅಂತ ತಟ್ಟುತ್ತಾ ಹೋಗಿ. ಎದುರಿಗಿದ್ದವರು ಕಣ್ಣು ಮುಚ್ಚಿ ಆ ಟಪ್ ಟಪ್ ಕೇಳಬೇಕು. ಈಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆಯಿರಿ, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಐದಾರು ಸಲ. ಮಧ್ಯದಲ್ಲಿ ಉಸಿರು ಕಟ್ಟುವುದು ಬೇಡ, ತಲೆ ತಿರುಗಿದ ಹಾಗಾದರೆ ನಿಲ್ಲಿಸಿ.

ನಮ್ಮ ತರಗತಿಯಲ್ಲಿ ಮಾಡಿದಾಗ ಮೊದಲು ಬರೀ ನಗು. ಮೂರನೆಯ ಉಸಿರಿನ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು 'ಟೀಚರ್, ಇವಳದ್ದು ಬಿಡುವಾಗ ನಿಧಾನ ಆಗ್ತದೆ!' ಅಂದಳು. ಹೌದು. ಉಸಿರು ಎಳೆಯುವಾಗ ನಾಡಿ ತುಸು ಬೇಗ, ಬಿಡುವಾಗ ತುಸು ನಿಧಾನ. ಮಕ್ಕಳಲ್ಲಿ, ಯುವಕರಲ್ಲಿ ಈ ವ್ಯತ್ಯಾಸ ದೊಡ್ಡವರಿಗಿಂತ ಚೆನ್ನಾಗಿ ತಿಳಿಯುತ್ತದೆ. ನನ್ನದರಲ್ಲಿ ಕಂಡುಹಿಡಿಯಲು ಅವರಿಗೆ ಕಷ್ಟವಾಯಿತು. ಆಟದ ಮೈದಾನದಿಂದ ಓಡಿಬಂದ ಕೂಡಲೇ ಮಾಡಿದರೆ ಯಾರದ್ದರಲ್ಲೂ ಸರಿಯಾಗಿ ಸಿಗುವುದಿಲ್ಲ, ಅದನ್ನೂ ಮಾಡಿ ನೋಡಿ.

ಮಿದುಳಿನ ಬುಡದಿಂದ ಹೊರಟು ಹೃದಯಕ್ಕೆ, ಹೊಟ್ಟೆಗೆ ಹೋಗುವ ವೇಗಸ್ ಎಂಬ ಉದ್ದದ ನರ ಇದಕ್ಕೆ ಕಾರಣ. ಹೆಸರು ಕೇಳಿ ವೇಗ ಹೆಚ್ಚಿಸುತ್ತದೆ ಅಂದುಕೊಳ್ಳಬೇಡಿ, ಹೃದಯದ ಮಟ್ಟಿಗೆ ಅದು ಬ್ರೇಕು. ಉಸಿರು ಎಳೆಯುವಾಗ ಬ್ರೇಕು ಸಡಿಲ, ಬಿಡುವಾಗ ಬಿಗಿ. ಬ್ರೇಕು ಹೇಗೆ ಹಿಡಿಯುತ್ತದೆ ಎಂಬುದನ್ನು 1921ರಲ್ಲಿ ಆಟ್ಟೋ ಲೋವಿ ಕಪ್ಪೆಯ ಹೃದಯಗಳಲ್ಲಿ ತೋರಿಸಿದರು. ಒಂದು ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಅದನ್ನು ಮುಳುಗಿಸಿಟ್ಟ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರದ ತುದಿಯಿಂದ ಒಂದು ರಾಸಾಯನಿಕ ಹೊರಬರುತ್ತದೆ ಅಂತ ಆಯಿತಲ್ಲ. ಈಗ ಅದನ್ನು ಅಸಿಟೈಲ್‌ಕೋಲಿನ್ ಅನ್ನುತ್ತೇವೆ. ಈ ಪ್ರಯೋಗ ಅವರಿಗೆ ಹೊಳೆದದ್ದು ಕನಸಿನಲ್ಲಂತೆ. ರಾತ್ರಿ ಎದ್ದು ಗೀಚಿಟ್ಟರು, ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಬಂದಾಗ ಗೀಚುತ್ತಾ ಕೂರದೆ ಸೀದಾ ಪ್ರಯೋಗಾಲಯಕ್ಕೆ ಹೋದರು. 1936ರಲ್ಲಿ ನೊಬೆಲ್ ಬಂತು. ಅಕ್ಷರ ಕೆಟ್ಟದಿದ್ದವರು ಇದನ್ನು ನನಗೆ ಉದಾಹರಣೆ ಕೊಡಬಾರದು.

ಹೆದರಿಕೆ, ಕೋಪ ಬಂದಾಗ ಎದೆ ಹೊಡೆದುಕೊಳ್ಳುವುದನ್ನು 'ನಿಲ್ಲು' ಅಂತ ಹೇಳಿ ನಿಲ್ಲಿಸಲಾಗುವುದಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ನಡೆಯುತ್ತದೆ. ಹಾಗಾಗಿ ಒಳಗಿನ ಆ ಬ್ರೇಕಿಗೆ ನಮ್ಮ ಕೈಗೆ ಸುಲಭವಾಗಿ ಎಟುಕುವ ಹಿಡಿ ಅದು. ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೊಡುವ ಮೊದಲಿನ ಎರಡು ನಿಮಿಷಕ್ಕೆ ಇದು ಒಳ್ಳೆಯದು. ಗೆಳೆಯ ದೂರವಾದ ದುಃಖಕ್ಕೆ ಇದು ಔಷಧಿಯಲ್ಲ.

ಅಂಥ ದುಃಖಕ್ಕೆ ಔಷಧಿ ಬೇಕೇ ಅನ್ನುವುದೂ ಒಂದು ಪ್ರಶ್ನೆ. ಮುಳ್ಳು ತಾಗಿದಾಗ ನೋವಾಗದಿದ್ದರೆ ಕಾಲು ಕೊಳೆಯುತ್ತದೆ. ಪ್ರೀತಿಯ ಒಬ್ಬರು ಹೋದಾಗ ಮನಸ್ಸು ಕುಗ್ಗುವುದು ಮನಸ್ಸು ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ಅಜ್ಜಿ ಹೋದ ತಿಂಗಳಲ್ಲಿ ಓದಲಿಕ್ಕೆ ಕೂರಲಾಗದವರು ಸೋಮಾರಿಯಲ್ಲ.

ಹಾಗಾದರೆ 'ಸುಮ್ಮನೆ ಬೇಜಾರು, ಕಾರಣ ಇಲ್ಲ' ಅಂತ ಬರೆದ ಆ ನಾಲ್ಕು ಚೀಟಿ? ಮುಂದಿನ ವಾರ ಇಡೀ ತರಗತಿಗೆ ಎರಡು ಪ್ರಶ್ನೆ ಕೇಳಿದೆ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ. ಹನ್ನೊಂದೂವರೆ, ಹನ್ನೆರಡು ಅಂತ ಸುಮಾರು ಕೈಗಳು ಎದ್ದವು. ಬಸ್ಸಿಗಾಗಿ ಏಳುವುದು ಐದೂವರೆ, ಆರಕ್ಕೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿಮ್ಮ ವಯಸ್ಸಿನಲ್ಲಿ ನಿದ್ದೆಗೆ ಸಿದ್ಧಮಾಡುವ ಮೆಲಟೋನಿನ್ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ತಡವಾಗಿ ಒಸರಲು ಶುರುವಾಗುತ್ತದೆ, ಅದು ನಿಮ್ಮ ತಪ್ಪಲ್ಲ. ಅದರ ಮೇಲೆ ಮೊಬೈಲ್ ಹಿಡಿದು ಇನ್ನೂ ಒಂದು ಗಂಟೆ ದೂಡುವುದು ಮಾತ್ರ ನಮ್ಮದೇ ಕೆಲಸ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಯುವಜನರಿಗೆ ಬೇಸರದ ಚಿತ್ರಗಳನ್ನು ತೋರಿಸಿದಾಗ ಅವರ ಅಮಿಗ್ಡಲ ನಿದ್ದೆ ಮಾಡಿದವರಿಗಿಂತ ಶೇಕಡ 60ರಷ್ಟು ಹೆಚ್ಚು ಕೆರಳಿದ್ದನ್ನು 2007ರ ಇನ್ನೊಂದು ಸಂಶೋಧನೆ ತೋರಿಸಿತು. ನಿದ್ದೆ ಸಾಲದವರಿಗೆ ಸಣ್ಣ ಮಾತೂ ದೊಡ್ಡ ಪೆಟ್ಟು. 'ಕಾರಣ ಇಲ್ಲ' ಅಂದಲ್ಲಿ ಕಾರಣ ತಲೆದಿಂಬಿನ ಕೆಳಗೆ ಇದ್ದೀತು.

ಬೆಳಕೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನ್, ಜುಲೈಯಲ್ಲಿ ಬಿಸಿಲು ಕಾಣುವುದೇ ಅಪರೂಪ. ಆದರೂ ಮೋಡ ಕವಿದ ಹಗಲಿನಲ್ಲೂ ಅಂಗಳದ ಬೆಳಕು ಟ್ಯೂಬ್‌ಲೈಟಿನ ಕೋಣೆಗಿಂತ ಎಷ್ಟೋ ಪಾಲು ಹೆಚ್ಚು. ಮಳೆ ಬಿಟ್ಟ ಹತ್ತು ನಿಮಿಷ ಜಗಲಿಗೋ ಅಂಗಳಕ್ಕೋ ಬನ್ನಿ. ನಮ್ಮ ದೇಹದೊಳಗಿನ ಗಡಿಯಾರ ಹಗಲಿನ ಬೆಳಕು ನೋಡಿಯೇ ಸಮಯ ಸರಿಮಾಡಿಕೊಳ್ಳುವುದು.

ನನ್ನದೇ ಒಂದು ಕಥೆ ಹೇಳಬೇಕು. ಬಿ.ಎಡ್. ಮುಗಿಸಿ ಕೆಲಸದ ಪರೀಕ್ಷೆ ಬರೆದು ಪಟ್ಟಿಗೆ ಕಾಯುತ್ತಿದ್ದೆ. ಪಟ್ಟಿ ಬಂತು, ಹೆಸರು ಎಲ್ಲೋ ಕೆಳಗಿತ್ತು. ಮೊದಲು ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ, ಎಲ್ಲರೂ 'ಕೆಲಸ ಆಯಿತಾ' ಅಂತ ಕೇಳುತ್ತಾರೆ ಅಂತ. ಆಮೇಲೆ ಲೈಬ್ರರಿ ಬಿಟ್ಟೆ. ಆಮೇಲೆ ಗೆಳತಿಯರ ಫೋನು ಎತ್ತುವುದು. ಕೊನೆಗೆ ಹಗಲು ಹನ್ನೊಂದಾದರೂ ಚಾಪೆ ಮಡಚುತ್ತಿರಲಿಲ್ಲ. ಮನಸ್ಸು ಸರಿಯಾದ ಮೇಲೆ ಎಲ್ಲ ಶುರುಮಾಡೋಣ ಅಂದುಕೊಂಡಿದ್ದೆ. ಮನಸ್ಸು ಸರಿಯಾಗಲಿಲ್ಲ, ಯಾಕೆಂದರೆ ಅದನ್ನು ಸರಿಮಾಡಬಹುದಾದದ್ದನ್ನೆಲ್ಲ ಒಂದೊಂದಾಗಿ ನಿಲ್ಲಿಸಿದ್ದೆ. ಪೀಟರ್ ಲ್ಯೂಯಿನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಈ ಸುಳಿಯನ್ನು ವಿವರಿಸಿದ್ದಾರೆ. ಮನಸ್ಸು ಕುಗ್ಗಿದರೆ ಚಟುವಟಿಕೆ ಕಡಿಮೆ, ಚಟುವಟಿಕೆ ಕಡಿಮೆಯಾದರೆ ಖುಷಿ ಸಿಗುವ ದಾರಿಗಳು ಕಡಿಮೆ, ಅದರಿಂದ ಮನಸ್ಸು ಇನ್ನೂ ಕುಗ್ಗುತ್ತದೆ. ಸುಳಿಯನ್ನು ಮುರಿಯಲು ಸುಲಭದ ಜಾಗ ಚಟುವಟಿಕೆ. ಮನಸ್ಸು ಬರುವವರೆಗೆ ಕಾಯದೆ ಮೊದಲು ಸಣ್ಣದೊಂದು ಕೆಲಸ, ಹಿಂದೆಯೇ ಮನಸ್ಸು.

ನನಗಿದು ಆಗ ಗೊತ್ತಿರಲಿಲ್ಲ. ನೆರೆಮನೆಯಾಕೆ ತನ್ನ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡು ಅಂತ ಗಂಟು ಬಿದ್ದಳು. ಇಲ್ಲ ಅನ್ನಲಾಗದೆ, ಶಪಿಸುತ್ತಲೇ ಹೋದೆ. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ಚಿಕ್ಕವನು ಭಿನ್ನರಾಶಿಯನ್ನು ಹಲಸಿನ ಹಣ್ಣಿನ ಪಾಲಿಗೆ ಹೋಲಿಸಿ, ಅಕ್ಕನಿಗೆ ಹೆಚ್ಚು ಸೊಳೆ ಹೋದ ಬಗ್ಗೆ ಒಂದು ದೊಡ್ಡ ವಾದ ಹೂಡಿದ. ನಗು ಬಂತು. ಎಷ್ಟು ತಿಂಗಳ ನಂತರ ನಕ್ಕೆ ಅಂತ ಮನೆಗೆ ನಡೆದು ಬರುವಾಗ ಲೆಕ್ಕ ಹಾಕಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗೆರೆ ಎಳೆಯಬೇಕು. ಎರಡು ವಾರಕ್ಕೂ ಮಿಕ್ಕಿ, ದಿನದ ಹೆಚ್ಚು ಹೊತ್ತು, ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಆಟವೂ ರುಚಿಸದಿದ್ದರೆ, ಊಟ ನಿದ್ದೆ ತೀರಾ ಕೆಟ್ಟರೆ, 'ನಾನು ಯಾವುದಕ್ಕೂ ಬೇಡದವಳು' ಅಂತ ಪದೇ ಪದೇ ಅನಿಸಿದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ನಿಮ್ಮ ವಯಸ್ಸಿನವರಲ್ಲಿ ಕೆಲವರಿಗೆ ಬೇಜಾರಿಗಿಂತ ಸಿಡುಕೇ ಹೆಚ್ಚಾಗಿ ಕಾಣುತ್ತದೆ. 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಆರೋಗ್ಯದ ತೊಂದರೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಲೇರಿಯಾಕ್ಕೆ ಉಸಿರಿನ ವ್ಯಾಯಾಮ ಸಾಲದು, ಇದಕ್ಕೂ ಸಾಲದು. ಮನೆಯವರಿಗೆ, ನಂಬುವ ಟೀಚರಿಗೆ, ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅವರಿಗೆ ಹೇಳಬೇಕು, ಡಾಕ್ಟರ ಹತ್ತಿರ ಹೋಗಬೇಕು. ಹೇಳಲು ಯಾರೂ ಸಿಗದಿದ್ದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಇದೆ, ಸಂಖ್ಯೆ 14416. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗಲೂ ಕರೆಯಬಹುದು, ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಬಹುದು. ಮನೆಯಲ್ಲೋ ಹೊರಗೋ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಗೆಳತಿಯೋ ಗೆಳೆಯನೋ 'ನನಗೆ ಬದುಕುವುದೇ ಬೇಡ' ಅಂತ ಹೇಳಿ, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡರೆ ಆ ಆಣೆ ಮುರಿಯಿರಿ. ಅವರನ್ನು ಒಬ್ಬರೇ ಬಿಡದೆ, ಅದೇ ದಿನ ಒಬ್ಬ ದೊಡ್ಡವರಿಗೆ ಹೇಳಿ. ಅವರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ. ಗೆಳೆತನ ಹೋದೀತು ಅಂತ ಹೆದರಿಕೆ ಆಗ್ತದೆ, ಆದರೂ ಹೇಳಿ.

ಆ ಹುಡುಗನ ಜೊತೆ ನಾನು ಆಮೇಲೆ ಮಾತಾಡಿದೆ. ಬೈದದ್ದಕ್ಕೆ ಬೇಸರ ಆಯಿತಾ ಅಂತ ಕೇಳಿದೆ. 'ಬೇಸರ ಅಲ್ಲ ಟೀಚರ್, ನಾಚಿಕೆ ಆಯಿತು' ಅಂದ. ಶಬ್ದವನ್ನು ಅವನು ನನಗಿಂತ ಸರಿಯಾಗಿ ಆರಿಸಿದ್ದ. ಈಗ ಶನಿವಾರ ಅವನು ಎರಡು ಬಸ್ಸು ಬದಲಾಯಿಸಿ ಗೆಳೆಯನ ಊರಿನ ಮೈದಾನಕ್ಕೆ ಆಡಲು ಹೋಗುತ್ತಾನೆ. ಅವರಿಬ್ಬರೂ ಒಬ್ಬರ ನಾಡಿ ಒಬ್ಬರು ಹಿಡಿದು ಲೆಕ್ಕ ಮಾಡಿ ತಂದ ಕಾಗದ ನನ್ನ ಮೇಜಿನ ಮೇಲಿದೆ. ಆಟಕ್ಕೆ ಮೊದಲು ನಿಮಿಷಕ್ಕೆ 78 ಮತ್ತು 82, ಆಟ ಮುಗಿದ ಕೂಡಲೇ 140ರ ಮೇಲೆ.

ನಿಮ್ಮ ಲೆಕ್ಕವನ್ನೂ ಸಂಘದ ಪತ್ರಿಕೆಗೆ ಕಳಿಸಿ. ಕೂತಿರುವಾಗಿನದು, ಓಡಿಬಂದಾಗಿನದು, ಹತ್ತು ನಿಧಾನದ ಉಸಿರಿನ ನಂತರದ್ದು, ಮೂರೂ ಬೇಕು, ವಯಸ್ಸು ಬರೆಯಿರಿ. ಅದರ ಜೊತೆಗೆ ನಿಮ್ಮ ಮನೆಯಲ್ಲಿ ಬೇಜಾರಿಗೆ, ಕೋಪಕ್ಕೆ, ಹೆದರಿಕೆಗೆ ಏನೇನು ಶಬ್ದ ಇದೆ ಅಂತ ಅಜ್ಜಿಯನ್ನು ಕೇಳಿ ಬರೆಯಿರಿ. ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಟಿ, ಯಾವುದಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದರೆ ಓದಿಕೊಳ್ಳುತ್ತೇನೆ.